ನೋವಿಗೊಂದು ನಕ್ಷೆ

ಗೋಡೆಗೆ ತೂಗುಹಾಕಿದ ದೊಡ್ಡ ಹಾಳೆ. ಅದರ ಮೇಲೆ ಮನುಷ್ಯನ ಎರಡು ಆಕಾರ, ಒಂದು ಎದುರಿನಿಂದ, ಇನ್ನೊಂದು ಬೆನ್ನಿನ ಕಡೆಯಿಂದ. ಕಣ್ಣು ಮೂಗು ಏನೂ ಬರೆದಿರುವುದಿಲ್ಲ. ತರಬೇತಿಗೆ ಬಂದವರ ಕೈಗೆ ಒಂದಿಷ್ಟು ಕೆಂಪು ಚುಕ್ಕೆಗಳನ್ನು ಕೊಟ್ಟು, ‘ಕೆಲಸ ಮುಗಿಸಿ ಮನೆಗೆ ಹೋದಾಗ ಎಲ್ಲಿ ನೋಯುತ್ತದೋ ಅಲ್ಲಿ ಅಂಟಿಸಿ’ ಎನ್ನುತ್ತಾರೆ. ಮೊದಲಿಗೆ ಯಾರೂ ಏಳುವುದಿಲ್ಲ. ಒಬ್ಬರು ಎದ್ದುಹೋಗಿ ಸೊಂಟಕ್ಕೊಂದು ಚುಕ್ಕೆ ಅಂಟಿಸಿದರೆ ಸಾಕು, ಸ್ವಲ್ಪ ಹೊತ್ತಿನಲ್ಲೇ ಹಾಳೆಯ ಸೊಂಟ, ಭುಜ, ಮಂಡಿ ಕೆಂಪಾಗುತ್ತವೆ. ವಯಸ್ಸಾಯಿತು, ಅದಕ್ಕೇ ನೋವು ಎಂದು ಸುಮ್ಮನಿದ್ದವರಿಗೆ, ತಮಗಿಂತ ಹತ್ತು ವರ್ಷ ಚಿಕ್ಕವರ ಚುಕ್ಕೆಯೂ ಅದೇ ಜಾಗಕ್ಕೆ ಬಿದ್ದಿರುವುದು ಕಾಣುತ್ತದೆ.

ಕೆಲಸದ ಜಾಗದ ಸುರಕ್ಷತೆ, ಆರೋಗ್ಯ, ಪರಿಸರದ ಬಗ್ಗೆ ಕಾರ್ಮಿಕ ಸಂಘಗಳು ಕೊಡುವ ತರಬೇತಿ ಹಲವು ದೇಶಗಳಲ್ಲಿ ಹೀಗೆಯೇ ಶುರುವಾಗುತ್ತದೆ. ಇದರ ಒಂದು ಬೇರು ಇಟಲಿಯ ಟ್ಯೂರಿನ್ ನಗರದಲ್ಲಿದೆ. 1960ರ ದಶಕದಲ್ಲಿ ಅಲ್ಲಿನ ಫಿಯಟ್ ಕಾರು ಕಾರ್ಖಾನೆಯ ಕಾರ್ಮಿಕರ ಜೊತೆ ಇವಾರ್ ಒದ್ದೋನೆ ಎಂಬ ವೈದ್ಯರು ಕೂತು, ಯಾವ ಯಂತ್ರದ ಬಳಿ ಯಾವ ಅಪಾಯವಿದೆ ಎಂಬುದನ್ನು ಕಾರ್ಮಿಕರ ಬಾಯಿಂದಲೇ ಕೇಳಿ ನಕ್ಷೆ ಮಾಡಿಸಿದರು. ಪರಿಣತರು ಅಳೆದು ಹೇಳುವುದಕ್ಕೆ ಮೊದಲೇ ಕೆಲಸಗಾರರ ಮೈಗೆ ಗೊತ್ತಿರುವ ಸಂಗತಿಗಳಿವೆ ಎಂಬುದು ಅವರ ನಂಬಿಕೆಯಾಗಿತ್ತು. 1973ರಲ್ಲಿ ಇಟಲಿಯ ಲೋಹ ಕಾರ್ಮಿಕರು ತಮ್ಮ ಒಪ್ಪಂದದಲ್ಲಿ ಸಂಬಳಸಹಿತ 150 ಗಂಟೆಗಳ ಕಲಿಕೆಯ ಹಕ್ಕನ್ನೇ ಬರೆಸಿಕೊಂಡರು.

ಈ ಹಾಳೆಯನ್ನು ಚಳ್ಳಕೆರೆಯಲ್ಲಿ ತೂಗುಹಾಕಿದರೆ?

ಎಣ್ಣೆ ನಗರ ಎಂದು ಹೆಸರಾದ ಊರು ಅದು. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಶೇಂಗಾವನ್ನೇ ನಂಬಿ ಮಿಲ್ಲುಗಳು ಎದ್ದವು. ಕಾಯಿ ಸುಲಿಯುವಲ್ಲಿ ಹೊಟ್ಟಿನ ದೂಳು, ಎಣ್ಣೆ ಹಿಂಡುವ ಎಕ್ಸ್‌ಪೆಲ್ಲರ್ ಬಳಿ ಕಾವು ಮತ್ತು ಸದ್ದು, ತಿರುಗುವ ಬೆಲ್ಟಿನ ಪಕ್ಕದಲ್ಲೇ ಸೆರಗು ಸಿಕ್ಕಿಸಿಕೊಂಡು ಕಸ ಗುಡಿಸುವ ಹೆಂಗಸರು, ಹಿಂಡಿಯ ಚೀಲ ಹೊರುವ ಹಮಾಲರು. ಸೊಂಟದ ಚುಕ್ಕೆಗಳು ಯಾರವು ಎಂದು ಕೇಳಬೇಕಾಗಿಲ್ಲ. ಗಂಡಾಳೊಬ್ಬ ಕೈಯಾರೆ ಹೊರುವ ಭಾರ 55 ಕೆ.ಜಿ. ಮೀರಬಾರದು, ಮೀರಿದ್ದರೆ ಆದಷ್ಟು ಬೇಗ ಇಳಿಸಬೇಕು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ತರಬೇತಿಯಲ್ಲಿ ಈ ಅಂಕಿಯನ್ನು ಬರೀ ಓದಿಹೇಳುವುದರಿಂದ ಉಪಯೋಗವಿಲ್ಲ. ತಾನು ಹೊರುವ ಚೀಲವನ್ನು ತಕ್ಕಡಿಗಿಟ್ಟು ನೋಡಿದವನಿಗೆ ಅದು ಮನಸ್ಸಿನಲ್ಲಿ ಉಳಿಯುತ್ತದೆ.

ಕಣ್ಣಿಗೆ ಕಾಣದ ಅಪಾಯಗಳದ್ದು ಇನ್ನೊಂದು ಪಾಠ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತ ಹೋದಾಗ ಸಿಕ್ಕಿದ್ದು ಮೇವಿಗೆ ಬೆರೆಸಿದ್ದ, ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ. ಅದರಲ್ಲಿ ಬೆಳೆದಿದ್ದ ಬೂಷ್ಟಿನ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು. ಅದು ಪಿತ್ತಜನಕಾಂಗದ ಕ್ಯಾನ್ಸರಿಗೆ ಕಾರಣವಾಗಬಲ್ಲದು ಎಂಬುದು ಆಮೇಲೆ ಖಚಿತವಾಯಿತು. ಬೂಷ್ಟು ಹಿಡಿದ ಕಾಯಿಯನ್ನು ತಿನ್ನಬಾರದೆಂದು ಎಲ್ಲರಿಗೂ ಗೊತ್ತು. ಅದರ ದೂಳನ್ನು ಉಸಿರಾಡಲೂ ಬಾರದು ಎಂಬುದನ್ನು ಯಾರಾದರೂ ಹೇಳಬೇಕಾಗುತ್ತದೆ. ಹಿಂಡಿಯಲ್ಲಿ ಉಳಿದ ಎಣ್ಣೆಯನ್ನು ಸಾಲ್ವೆಂಟ್ ಹಾಕಿ ತೆಗೆಯುವ ಘಟಕಗಳಲ್ಲಿ ಬಳಸುವ ಹೆಕ್ಸೇನ್ ಕೂಡ ಹಾಗೆಯೇ. ಅದರ ಆವಿ ಗಾಳಿಗಿಂತ ಭಾರ. ನೆಲದ ತಗ್ಗಿನಲ್ಲಿ, ಚರಂಡಿಯಲ್ಲಿ ಹೋಗಿ ಕೂರುತ್ತದೆ, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಬಹುಕಾಲ ಅದನ್ನೇ ಉಸಿರಾಡಿದವರ ಕೈಕಾಲು ಜೋಮು ಹಿಡಿಯುತ್ತವೆ, ನರಗಳು ಸೋಲುತ್ತವೆ.

ಚಳ್ಳಕೆರೆಯ ಇನ್ನೊಂದು ಹೆಸರು ಕಂಬಳಿ. ಕುರಿಯ ಉಣ್ಣೆ ಹಿಂಜಿ, ನೂತು, ಹಾಸುನೂಲಿಗೆ ಹುಣಸೆಬೀಜದ ಗಂಜಿ ಬಳಿದು ಒಣಗಿಸಿ ನೇಯುವ ಈ ಕಸುಬಿಗೂ ಜಗತ್ತಿನ ಕಾರ್ಮಿಕ ಚರಿತ್ರೆಗೂ ಒಂದು ನಂಟಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಊರಿನ ಗಿರಣಿಗಳಲ್ಲಿ ಹೊರದೇಶದ ಉಣ್ಣೆ ಬಿಡಿಸುವವರು ಜ್ವರ, ಉಸಿರಾಟದ ತೊಂದರೆ ಬಂದು ನಾಲ್ಕೈದು ದಿನಗಳಲ್ಲೇ ಸಾಯುತ್ತಿದ್ದರು. ಅದು ಅಂಥ್ರಾಕ್ಸ್, ನಮ್ಮ ಪಶುವೈದ್ಯರು ನೆರಡಿ ಎನ್ನುವ ರೋಗ. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ವಾಷಿಂಗ್ಟನ್ನಿನಲ್ಲಿ ತನ್ನ ಮೊದಲ ಸಭೆ ಸೇರಿದಾಗ ಹೊರಡಿಸಿದ ಕೆಲವೇ ಶಿಫಾರಸುಗಳಲ್ಲಿ ಒಂದು, ಅಂಥ್ರಾಕ್ಸ್ ಸೋಂಕಿನ ಉಣ್ಣೆಯನ್ನು ಶುದ್ಧಿ ಮಾಡುವುದರ ಬಗ್ಗೆ. ಭಾರತ ಆ ಸಂಸ್ಥೆಯ ಸ್ಥಾಪಕ ಸದಸ್ಯ ದೇಶ. ದುಡಿಯುವವರ ಆರೋಗ್ಯವನ್ನು ದೇಶದೇಶಗಳು ಕೂತು ಮಾತಾಡಿದ ಮೊದಮೊದಲ ದಿನಗಳಲ್ಲೇ ಉಣ್ಣೆಯ ಕೆಲಸದ ಮಾತು ಬಂದಿತ್ತೆಂಬುದು ಕಂಬಳಿ ನೇಯುವವರಿಗೆ ತಲುಪಬೇಕಾದ ಸುದ್ದಿ.

ಪಕ್ಕದ ಮೊಳಕಾಲ್ಮುರಿನ ಕತೆ ಬೇರೆ. ಭೌಗೋಳಿಕ ಗುರುತು ಪಡೆದ ಅಲ್ಲಿನ ರೇಷ್ಮೆ ಸೀರೆ ಹುಟ್ಟುವುದು ಮನೆಯೊಳಗಿನ ಗುಂಡಿಮಗ್ಗದಲ್ಲಿ. ನೇಕಾರ ನೆಲದಂಚಿಗೆ ಕೂತು, ಕಾಲನ್ನು ಗುಂಡಿಗೆ ಇಳಿಬಿಟ್ಟು ತುಳಿಯುತ್ತಾನೆ. ಕಾಲಿಗೆ ನೆಲದ ಥಂಡಿ, ಬೆನ್ನಿಗೆ ಆಸರೆ ಇಲ್ಲ, ಮಂದ ಬೆಳಕಿನಲ್ಲಿ ಎಳೆ ಎಣಿಸುವ ಕಣ್ಣು. ಇಲ್ಲಿ ಯಜಮಾನನೂ ಅವನೇ, ಕೆಲಸಗಾರನೂ ಅವನೇ. ನೂಲು ಕೊಟ್ಟು ಸೀರೆ ಒಯ್ಯುವವರು ಮಗ್ಗದ ಗುಂಡಿಯನ್ನು ಇಣುಕಿ ನೋಡುವುದಿಲ್ಲ. ಕಾರ್ಖಾನೆ ಇನ್ಸ್‌ಪೆಕ್ಟರ್ ಈ ಮನೆಗೆ ಬರುವಂತಿಲ್ಲ, ಯಾಕೆಂದರೆ ಕಾನೂನಿನ ಲೆಕ್ಕದಲ್ಲಿ ಇದು ಕಾರ್ಖಾನೆಯೇ ಅಲ್ಲ.

ಆ ಲೆಕ್ಕ ಮಿಲ್ಲುಗಳಿಗೂ ಮುಖ್ಯ. 1948ರ ಕಾರ್ಖಾನೆ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಕಡೆ 10 ಜನ, ಬಳಸದ ಕಡೆ 20 ಜನ ದುಡಿದರೆ ಅದು ಕಾರ್ಖಾನೆ ಎನಿಸುತ್ತಿತ್ತು. 2020ರ ಸುರಕ್ಷತಾ ಸಂಹಿತೆ ಈ ಸಂಖ್ಯೆಯನ್ನು 20 ಮತ್ತು 40ಕ್ಕೆ ಏರಿಸಿತು. ಸುರಕ್ಷತಾ ಅಧಿಕಾರಿಯನ್ನು ಇಡಲೇಬೇಕಾದದ್ದು 500 ಕಾರ್ಮಿಕರಿರುವ ಕಾರ್ಖಾನೆ, ಅಪಾಯಕಾರಿ ಪ್ರಕ್ರಿಯೆಯದಾದರೆ 250. ಚಿಕ್ಕ ಊರಿನ ಚಿಕ್ಕ ಮಿಲ್ಲಿನಲ್ಲಿ ಅಪಾಯ ಗುರುತಿಸಲು ಸಂಬಳ ಪಡೆಯುವ ಮನುಷ್ಯ ಇರುವುದೇ ಇಲ್ಲ. ಹಾಗಾಗಿ ಆ ತಿಳಿವಳಿಕೆ ದುಡಿಯುವವರಲ್ಲೇ ಇರಬೇಕು. ಸಂಘದ ತರಬೇತಿ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿರುವುದು ಇಂಥ ಜಾಗಗಳಿಗೆ, ಸಾವಿರಾರು ಜನರ ದೊಡ್ಡ ಕಾರ್ಖಾನೆಗಿಂತ ಮೊದಲು.

ತಿಳಿಯದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಸಾಕ್ಷಿ ಇದೆ. ಕೋಲಾರದ ಚಿನ್ನದ ಗಣಿಗಳಲ್ಲಿ 1940ರಿಂದ 1946ರವರೆಗೆ 7,653 ಕೆಲಸಗಾರರನ್ನು ಪರೀಕ್ಷಿಸಿದಾಗ ಶೇ. 43.7 ಮಂದಿಯ ಶ್ವಾಸಕೋಶದಲ್ಲಿ ಸಿಲಿಕೋಸಿಸ್ ಇತ್ತು. ಕಲ್ಲಿನ ದೂಳು ಎದೆಯಲ್ಲಿ ಗಟ್ಟಿಯಾಗುವ, ಒಮ್ಮೆ ಬಂದರೆ ವಾಸಿಯಾಗದ ಕಾಯಿಲೆ ಅದು. ಕಲ್ಲು ಕೊರೆಯುವಲ್ಲಿ, ಜಲ್ಲಿ ಕ್ರಷರ್‌ಗಳಲ್ಲಿ ದುಡಿಯುವವರಿಗೆ ಇಂದಿಗೂ ಇದರ ಭಯವಿದೆ. ದೂಳು ಏಳುವ ಕಡೆ ನೀರು ಚಿಮುಕಿಸುವುದು ಇದಕ್ಕಿರುವ ಬಹಳ ಹಳೆಯ, ಅಗ್ಗದ ಉಪಾಯ.

ರಾಜ್ಯದ ಹೊರಗೆ, ಭೋಪಾಲ್ ಇನ್ನೊಂದು ಸಾಕ್ಷಿ. 1984ರ ಡಿಸೆಂಬರ್ 2ರ ರಾತ್ರಿ ಅನಿಲ ಸೋರುವುದಕ್ಕೆ ಮೂರು ವರ್ಷ ಮೊದಲೇ ಅಲ್ಲಿನ ಕಾರ್ಖಾನೆಯಲ್ಲಿ ಫಾಸ್ಜೀನ್ ಅನಿಲಕ್ಕೆ ಸಿಕ್ಕಿ ಕೆಲಸಗಾರನೊಬ್ಬ ಸತ್ತಿದ್ದ, ಕಾರ್ಮಿಕ ಸಂಘದವರು ಎಚ್ಚರಿಸಿದ್ದರು. ಯಂತ್ರಗಳ ಕೈಪಿಡಿಗಳು ಇಂಗ್ಲಿಷಿನಲ್ಲಿದ್ದವು, ಓದಿ ಅರ್ಥಮಾಡಿಕೊಳ್ಳುವವರು ಕೆಲವರಷ್ಟೇ. ಆ ದುರಂತದ ನಂತರ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ 111ಎ ಕಲಂ ಸೇರಿತು. ತನ್ನ ಆರೋಗ್ಯ, ಸುರಕ್ಷತೆಯ ಮಾಹಿತಿಯನ್ನು ಮಾಲೀಕನಿಂದ ಕೇಳಿ ಪಡೆಯುವ ಹಕ್ಕು, ತರಬೇತಿ ಪಡೆಯುವ ಹಕ್ಕು, ಇನ್ಸ್‌ಪೆಕ್ಟರ್‌ಗೆ ನೇರವಾಗಿ ಅಥವಾ ಪ್ರತಿನಿಧಿಯ ಮೂಲಕ ದೂರು ಹೇಳುವ ಹಕ್ಕು ಕಾರ್ಮಿಕನಿಗೆ ಬಂತು. ತರಬೇತಿ ಎಂಬುದು ಉಪಕಾರವಲ್ಲ, ಹಕ್ಕು ಎಂದು ಕಾನೂನಿನ ಪುಸ್ತಕದಲ್ಲಿ ಅಚ್ಚಾಗಲು ಅಷ್ಟು ಜನ ಸಾಯಬೇಕಾಯಿತು. ಅಪಾಯದ ಫಲಕ, ರಾಸಾಯನಿಕದ ಡಬ್ಬಿಯ ಚೀಟಿ ಕನ್ನಡದಲ್ಲಿರಬೇಕೆಂದು ಸಂಘದವರು ಕೇಳಿದರೆ ಅದನ್ನು ಭಾಷಾಭಿಮಾನದ ಮಾತೆಂದಷ್ಟೇ ತಿಳಿಯಬಾರದು.

ಇದನ್ನೆಲ್ಲ ಕಲಿಸುವವರು ಯಾರು? ಕೇಂದ್ರ ಸರ್ಕಾರ 1958ರಲ್ಲಿ ನಾಗಪುರದಲ್ಲಿ ಕೇಂದ್ರೀಯ ಕಾರ್ಮಿಕ ಶಿಕ್ಷಣ ಮಂಡಳಿಯನ್ನು ಹುಟ್ಟುಹಾಕಿತು. ಈಗ ಅದಕ್ಕೆ ದತ್ತೋಪಂತ ಠೇಂಗಡಿಯವರ ಹೆಸರಿದೆ. ಅದರ ಮೂಲ ಯೋಜನೆ ಸೊಗಸಾಗಿತ್ತು. ಮಂಡಳಿಯ ಶಿಕ್ಷಣಾಧಿಕಾರಿಗಳು ಸಂಘಗಳು ಕಳಿಸಿದ ಕೆಲಸಗಾರರನ್ನೇ ತರಬೇತಿಗೊಳಿಸಿ ‘ಕಾರ್ಮಿಕ ಶಿಕ್ಷಕ’ರನ್ನಾಗಿ ಮಾಡುವುದು, ಅವರು ತಮ್ಮ ಜಾಗಕ್ಕೆ ಮರಳಿ ಜೊತೆಗಾರರಿಗೆ ಪಾಠ ಹೇಳುವುದು. ಎಕ್ಸ್‌ಪೆಲ್ಲರ್ ಮುಂದೆ ಬೆವರಿದವನು ಹೇಳಿದ ಮಾತಿಗೆ ಹೊರಗಿನವರ ಭಾಷಣಕ್ಕಿಲ್ಲದ ತೂಕವಿರುತ್ತದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ 1,500 ಎಕರೆ ಆವರಣವಿದೆ. ಶಾಲಾ ಕಾಲೇಜಿನ ವಿಜ್ಞಾನ ಶಿಕ್ಷಕರು ಅಲ್ಲಿಗೆ ಬಂದು, ತಂಗಿ, ಪ್ರಯೋಗಗಳನ್ನು ಕೈಯಾರೆ ಮಾಡಿ ಕಲಿತು ಹೋಗುತ್ತಾರೆ. ಮಿಲ್ಲಿನ, ಮಗ್ಗದ ‘ಶಿಕ್ಷಕ’ರಿಗೂ ಅಂಥದ್ದೊಂದು ಜಾಗ ಇದೇ ಸೀಮೆಯಲ್ಲಿ ಇರಬೇಕು.

ಆ ಆವರಣ ನಿಂತಿರುವುದು ಅಮೃತಮಹಲ್ ಕಾವಲಿನ ಹುಲ್ಲುಗಾವಲಿನ ಮೇಲೆ. ಕಾವಲನ್ನು ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಹಂಚಿದಾಗ ಪ್ರಶ್ನೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಕಂಬಳಿ ನೇಯುವವರ ಲೆಕ್ಕದಲ್ಲಿ ಪರಿಸರ ಬೇರೆ, ಕೆಲಸ ಬೇರೆ ಅಲ್ಲ: ಹುಲ್ಲಿದ್ದರೆ ಕುರಿ, ಕುರಿಯಿದ್ದರೆ ಉಣ್ಣೆ. ಮಿಲ್ಲಿನಿಂದ ಹೊರಬಿದ್ದ ದೂಳು ಹೋಗಿ ಕೂರುವುದೂ ಅದೇ ಕೆಲಸಗಾರರು ಬಾಡಿಗೆಗಿರುವ ಬೀದಿಯ ಮೇಲೆ.

ಜಪಾನಿನ ಕಾರ್ಮಿಕ ಸಂಘಗಳ ಪ್ರತಿಷ್ಠಾನ 1990ರ ದಶಕದಲ್ಲಿ ಏಷ್ಯಾದ ಸಂಘಗಳಿಗಾಗಿ ‘ಪಾಸಿಟಿವ್’ ಎಂಬ ತರಬೇತಿ ಕ್ರಮವನ್ನು ರೂಪಿಸಿತು. ಪಾಕಿಸ್ತಾನದಿಂದ ಶುರುವಾಗಿ ಹಲವು ದೇಶಗಳಿಗೆ ಹಬ್ಬಿದ ಇದರಲ್ಲಿ ತಪ್ಪು ಹುಡುಕುವುದರಿಂದ ಆರಂಭವಿಲ್ಲ. ಆಸುಪಾಸಿನಲ್ಲೇ ಯಾರಾದರೂ ಮಾಡಿಕೊಂಡಿರುವ ಒಳ್ಳೆಯ ಏರ್ಪಾಡಿನ ಫೋಟೊ ತೋರಿಸಿ, ಪಟ್ಟಿ ಹಿಡಿದು ಕೆಲಸದ ಜಾಗ ಸುತ್ತಿ, ಗುಂಪಾಗಿ ಕೂತು, ಕಡಿಮೆ ಖರ್ಚಿನಲ್ಲಿ ನಾಳೆಯೇ ಮಾಡಬಹುದಾದ್ದು ಯಾವುದು ಎಂದು ಗೊತ್ತುಮಾಡುತ್ತಾರೆ. ಮನೆಯೇ ಕೆಲಸದ ಜಾಗವಾದವರಿಗೆಂದು ಇದರ ಬಂಧುವಾದ ‘ವಿಶ್’ ಎಂಬ ಕ್ರಮವೂ ಇದೆ. ಗುಂಡಿಮಗ್ಗದ ಮನೆಗೆ ಹೇಳಿ ಮಾಡಿಸಿದಂತಿದೆ ಅದು. ಮಗ್ಗದ ನೇರಕ್ಕೆ ಮಾಡಿನಲ್ಲಿ ಒಂದು ಗಾಜಿನ ಹೆಂಚು, ಬೆನ್ನಿಗೊಂದು ಹಲಗೆ, ಗುಂಡಿಯ ತಳಕ್ಕೆ ಥಂಡಿ ತಡೆಯುವ ಹಾಸು. ಮಿಲ್ಲಿನಲ್ಲಾದರೆ ಬೆಲ್ಟಿಗೆ ಜಾಲರಿ, ಚೀಲ ಸಾಗಿಸಲು ನಾಲ್ಕು ಗಾಲಿಯ ಗಾಡಿ.

ಕೆಲವು ತಿಂಗಳು ಬಿಟ್ಟು ತರಬೇತುದಾರರು ಮತ್ತೆ ಬರುತ್ತಾರೆ. ಒಪ್ಪಿಕೊಂಡಿದ್ದರಲ್ಲಿ ಏನಾಯಿತು, ಏನಾಗಲಿಲ್ಲ ಎಂದು ಜಾಗಕ್ಕೇ ಹೋಗಿ ನೋಡುತ್ತಾರೆ. ಹಳೆಯ ಹಾಳೆಯನ್ನು ಎತ್ತಿಟ್ಟಿದ್ದರೆ ಅದರ ಪಕ್ಕದಲ್ಲೇ ಹೊಸದೊಂದನ್ನು ತೂಗುಹಾಕಬಹುದು, ಅವೇ ಎರಡು ಆಕಾರ, ಕೈಗೆ ಮತ್ತೆ ಕೆಂಪು ಚುಕ್ಕೆಗಳು. ಎಲ್ಲರೂ ಅಂಟಿಸಿ ಕೂತ ಮೇಲೆ ಸೊಂಟದ ಬಳಿ ಎಷ್ಟಿವೆ ಎಂದು ಒಬ್ಬರು ಗಟ್ಟಿಯಾಗಿ ಎಣಿಸುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ.