ಒಂದು ಗೆರೆ, ಒಂದು ನೂಲು: ಇದರಲ್ಲಿ ಎಂಥ ಉಂಟು?

"ಇದರಲ್ಲಿ ಎಂಥ ಉಂಟು ಮಾರಾಯ್ರೆ? ಒಂದು ಗೆರೆ ಎಳೆದು ಗೋಡೆಗೆ ತೂಗುಹಾಕಿದ್ರೆ ಚಿತ್ರ ಆಗ್ತದಾ?" ಚಂದ್ರಾ ಲೇಔಟ್‌ನ ನಮ್ಮ ಬ್ಯಾರಿ ಮನೆಗಳಲ್ಲಿ ಆಧುನಿಕ ಕಲೆಯ ಮಾತೆತ್ತಿದರೆ ಮೊದಲು ಬರುವ ಪ್ರಶ್ನೆ ಇದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕೇಳಿ ಸುಮ್ಮನೆ ಎದ್ದುಹೋದರೆ ನಷ್ಟ ನಮಗೇ. ಈ ಕಲೆಯಲ್ಲಿ ನಮ್ಮ ಹೆಂಗಸರ ಕೈಕೆಲಸವೂ ಉಂಟು, ನಾವು ಬಿಟ್ಟುಬಂದ ಊರೂ ಉಂಟು.

ಬೆಂಗಳೂರಿನಲ್ಲೇ ಇರುವ ಶೀಲಾ ಗೌಡ ಅವರನ್ನು ನೋಡಿ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಇಲ್ಲಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ ಅಂತ ಕಲಿತು ಮೊದಲು ಕ್ಯಾನ್ವಾಸಿನ ಮೇಲೆ ಬಣ್ಣದ ಚಿತ್ರ ಬರೆಯುತ್ತಿದ್ದರು. 1992ರ ಡಿಸೆಂಬರ್ ಮತ್ತು ಅದರ ಹಿಂದೆಯೇ ಬಂದ ಮುಂಬೈ ಗಲಭೆಗಳ ನಂತರ ಅವರಿಗೆ ಬಣ್ಣ, ಕುಂಚ ಸಾಲದಾಯಿತು. ಸೆಗಣಿ, ನೂಲು, ಸೂಜಿ, ಡಾಂಬರು ಡ್ರಮ್ಮುಗಳನ್ನು ಕೈಗೆತ್ತಿಕೊಂಡರು.

1998ರಲ್ಲಿ ಶುರುಮಾಡಿದ ಅವರ ಒಂದು ಕೃತಿಯ ಹೆಸರು 'ನನ್ನ ನೋವನ್ನು ಅವನಿಗೆ ಹೇಳು' ಎಂಬ ಅರ್ಥದ್ದು. ಉದ್ದುದ್ದ ನೂಲನ್ನು ಒಂದೊಂದೇ ಸೂಜಿಯ ಕಣ್ಣಿಗೆ ಪೋಣಿಸಿ, ಮಡಿಸಿ, ಎಷ್ಟೋ ಎಳೆಗಳನ್ನು ಕೂಡಿಸಿ, ಅಂಟು ಮತ್ತು ಕುಂಕುಮ ಬಳಿದು ಕೆಂಪು ಹಗ್ಗ ಮಾಡಿದ್ದಾರೆ. ಹಗ್ಗ ಗೋಡೆಯಿಂದ ಇಳಿದು ನೆಲದಲ್ಲಿ ಸುತ್ತಿಕೊಳ್ಳುತ್ತದೆ. ತುದಿಯಲ್ಲಿ ಸೂಜಿಗಳ ಗೊಂಚಲು. ಇದರ ಫೋಟೊವನ್ನು ಮೊಬೈಲಿನಲ್ಲಿ ತೋರಿಸಿದಾಗ ನಮ್ಮ ಉಮ್ಮಂದಿರು ಅರ್ಥ ಕೇಳಲೇ ಇಲ್ಲ. "ಇಷ್ಟೆಲ್ಲ ಸೂಜಿಗೆ ನೂಲು ಹಾಕ್ಲಿಕ್ಕೆ ಎಷ್ಟು ದಿನ ಹಿಡಿದಿರಬಹುದು? ಕಣ್ಣು ಏನಾಗಿರಬೇಡ!" ಅಂದರು. ಊರಲ್ಲಿ ಬೀಡಿ ಕಟ್ಟಿ, ಇಲ್ಲಿ ಹೊಲಿಗೆ ಯಂತ್ರ ತುಳಿದು ಮಕ್ಕಳನ್ನು ಓದಿಸಿದವರು ಅವರು. ಲೆಕ್ಕಕ್ಕೆ ಬಾರದ ದುಡಿಮೆ ಯಾವುದು ಅಂತ ಅವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅವರದ್ದೇ ಇನ್ನೊಂದು ಕೃತಿ 2009ರಲ್ಲಿ ವೆನಿಸ್‌ನ ಬಿಯೆನಾಲೆಗೆ ಹೋಯಿತು. ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ತಲೆಕೂದಲಿನ ಹಗ್ಗ, ಅದರ ನಡುವೆ ಕಾರಿನ ಬಂಪರುಗಳು. ದೃಷ್ಟಿ ತಾಗದಿರಲಿ ಅಂತ ನಮ್ಮ ರಸ್ತೆಯ ಗಾಡಿಗಳಿಗೆ ಕಟ್ಟುತ್ತಾರಲ್ಲ, ಅದೇ ಕರಿ ಹಗ್ಗ. ಅದೀಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ.

ಗೆರೆಯ ಪ್ರಶ್ನೆಗೆ ಉತ್ತರ ಇನ್ನೊಬ್ಬರ ಹತ್ತಿರ ಉಂಟು. ಝರೀನಾ ಹಾಶ್ಮಿ ಹುಟ್ಟಿದ್ದು 1937ರಲ್ಲಿ, ಅಲೀಗಢದಲ್ಲಿ. ಓದಿದ್ದು ಗಣಿತ. ತಂದೆ-ತಾಯಿ ಪಾಕಿಸ್ತಾನಕ್ಕೆ ಹೋದರು. ಇವರು ದೇಶ ದೇಶ ಸುತ್ತಿ ನ್ಯೂಯಾರ್ಕಿನಲ್ಲಿ ನಿಂತರು. 2001ರಲ್ಲಿ ಮರದ ಅಚ್ಚಿನಿಂದ ಒಂದು ಚಿತ್ರ ಮುದ್ರಿಸಿದರು. ಕಾಗದದ ಮೇಲೆ ಅಂಕುಡೊಂಕಾದ ಒಂದೇ ಒಂದು ಕಪ್ಪು ಗೆರೆ. ಅದು ಭಾರತ-ಪಾಕಿಸ್ತಾನದ ಗಡಿ. ಎಷ್ಟು ಮನೆಗಳನ್ನು ಸೀಳಿದ ಗೆರೆ ಅದು! ಈಗ ಹೇಳಿ, ಅದರಲ್ಲಿ ಏನೂ ಇಲ್ಲವಾ?

2004ರಲ್ಲಿ ಅವರು ಎಂಟು ಅಚ್ಚುಚಿತ್ರಗಳ ಒಂದು ಸರಣಿ ಮಾಡಿದರು. ಅಕ್ಕ ರಾಣಿ ಉರ್ದುವಿನಲ್ಲಿ ಬರೆದು ಅಂಚೆಗೆ ಹಾಕದೆ ಇಟ್ಟುಕೊಂಡಿದ್ದ ಪತ್ರಗಳವು. ಅವುಗಳಲ್ಲಿ ಹೆತ್ತವರ ಸಾವಿನ, ಮಾರಿಹೋದ ಮನೆಯ ಸುದ್ದಿ. ಪತ್ರದ ಸಾಲುಗಳ ಮೇಲೆಯೇ ಝರೀನಾ ಮನೆಯ ನಕ್ಷೆ, ಊರಿನ ನಕ್ಷೆ ಅಚ್ಚು ಹಾಕಿದ್ದಾರೆ. ಗಲ್ಫ್‌ನಲ್ಲಿದ್ದವರಿಗೆ ಊರಿನ ಸಾವಿನ ಸುದ್ದಿ ಹೇಗೆ ಹೇಳುವುದು ಅಂತ ದಿನಗಟ್ಟಲೆ ತಡೆದ ಮನೆಗಳು ನಮ್ಮಲ್ಲಿ ಕಡಿಮೆಯಾ? ಊರಿನ ಮನೆಗೆ ಬೀಗ ಬಿದ್ದಿದೆ. ಇಲ್ಲಿ ಹುಟ್ಟಿದ ಮಕ್ಕಳಿಗೆ ಬ್ಯಾರಿ ಭಾಷೆ ಅರ್ಧ ಬರ್ತದೆ, ಅರ್ಧ ಬರುವುದಿಲ್ಲ. ಆ ಮನೆಯ ಅಂಗಳ ಎಲ್ಲಿತ್ತು, ಬಾವಿ ಎಲ್ಲಿತ್ತು ಅಂತ ಅವರಿಗೆ ಒಂದು ಕಾಗದದಲ್ಲಿ ಗೆರೆ ಎಳೆದು ತೋರಿಸಿದವರು ನಮ್ಮಲ್ಲಿ ಎಷ್ಟು ಜನ?

ಕಲೆ ನೋಡಲಿಕ್ಕೆ ದೂರ ಹೋಗಬೇಕಾಗಿಲ್ಲ. ಅತ್ತಿಗುಪ್ಪೆಯಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಎಲ್ಲೂ ಬದಲಾಯಿಸದೆ ಕಬ್ಬನ್ ಪಾರ್ಕ್‌ನಲ್ಲಿ ಇಳಿಯಬಹುದು. ಕಸ್ತೂರಬಾ ರಸ್ತೆಯಲ್ಲಿ ವೆಂಕಟಪ್ಪ ಕಲಾ ಗ್ಯಾಲರಿ ಉಂಟು, 2023ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ 'ಮ್ಯಾಪ್' ಉಂಟು. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಕಲಾವಿದರ ಮಾತುಕತೆ, ಪ್ರದರ್ಶನಗಳೂ ನಡೆಯುತ್ತಿರುತ್ತವೆ.

ಹೋಗುವಾಗ ಮನೆಯ ಹಿರಿಯ ಹೆಂಗಸರನ್ನು ಬಿಟ್ಟು ಹೋಗಬೇಡಿ. ಅರ್ಥ ಆಗದಿದ್ದರೆ ನಾಚಿಕೆ ಬೇಡ. ಇದನ್ನು ಯಾವುದರಿಂದ ಮಾಡಿದ್ದಾರೆ, ಎಷ್ಟು ಹೊತ್ತು ಹಿಡಿದಿರಬಹುದು, ಯಾವುದನ್ನು ಹೇಳದೆ ಬಿಟ್ಟಿದ್ದಾರೆ ಅಂತ ಕೇಳಿಕೊಳ್ಳಿ. ಮಕ್ಕಳ ಜೊತೆ ಬ್ಯಾರಿಯಲ್ಲೇ ಮಾತಾಡಿ. ಗ್ಯಾಲರಿಯ ಗೋಡೆಗೆ ನಮ್ಮ ಭಾಷೆಯೂ ಸ್ವಲ್ಪ ಕೇಳಲಿ.