ಒಂದೇ ಅಕ್ಷರ, ಹಲವು ಅರ್ಥ: ಕ್ಯೂ

ಲಗ್ಗೆರೆಯ ಮಗ್ಗುಲಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶವಿದೆ. ಕಾರ್ಖಾನೆಗಳ ವಿದ್ಯುತ್ ಪ್ಯಾನೆಲ್ ಬಳಿ ಡಬ್ಬಿಯಂಥ ಕೆಪಾಸಿಟರುಗಳನ್ನು ನೀವು ನೋಡಿರಬಹುದು. ಲೇತ್, ಕಂಪ್ರೆಸರುಗಳ ಇಂಡಕ್ಷನ್ ಮೋಟಾರುಗಳಿಗೆ ಕಾಂತಕ್ಷೇತ್ರ ಉಂಟುಮಾಡಲು 'ರಿಯಾಕ್ಟಿವ್ ಪವರ್' ಬೇಕು. ಅದನ್ನು ಕೆಪಾಸಿಟರು ಸ್ಥಳದಲ್ಲೇ ಒದಗಿಸದಿದ್ದರೆ ಪವರ್ ಫ್ಯಾಕ್ಟರ್ ಇಳಿಯುತ್ತದೆ. ನಿಗದಿತ ಮಿತಿಗಿಂತ ಕೆಳಗಿಳಿದರೆ ಬಿಲ್ಲಿಗೆ ಹೆಚ್ಚುವರಿ ಶುಲ್ಕ ಸೇರುತ್ತದೆ. ಎಂಜಿನಿಯರುಗಳು ಈ ಪವರನ್ನು ಕ್ಯೂ ಅಕ್ಷರದಿಂದ ಸೂಚಿಸುತ್ತಾರೆ. ಅದೇ ಕೆಪಾಸಿಟರಿನ ವಿದ್ಯುದಾವೇಶವೂ ಕ್ಯೂ. ಅದು ಬಿಸಿಯಾದಾಗ ಹೊರಬರುವ ಉಷ್ಣವೂ ಕ್ಯೂ. ನಷ್ಟ ಎಷ್ಟು ಕಡಿಮೆ ಎಂದು ಹೇಳುವ 'ಕ್ಯೂ ಫ್ಯಾಕ್ಟರ್' ಬೇರೆ!

ಇದು ಬರಿಯ ತಮಾಷೆಯಲ್ಲ. 100 ಮೈಕ್ರೊಫ್ಯಾರಡ್ ಕೆಪಾಸಿಟರನ್ನು ರೋಧಕದ ಮೂಲಕ 12 ವೋಲ್ಟ್ ಬ್ಯಾಟರಿಗೆ ಜೋಡಿಸಿ. ಅದು ಪಡೆಯುವ ಆವೇಶ 1.2 ಮಿಲಿಕೂಲಂ. ಬ್ಯಾಟರಿ ಕೊಟ್ಟ ಶಕ್ತಿಯಲ್ಲಿ ಅರ್ಧ ಕೆಪಾಸಿಟರಿನಲ್ಲಿ ಉಳಿದು, ಇನ್ನರ್ಧ, ಅಂದರೆ 7.2 ಮಿಲಿಜೂಲ್, ರೋಧಕದಲ್ಲಿ ಉಷ್ಣವಾಗುತ್ತದೆ. ಹಾಗಾದರೆ ಉಷ್ಣ = ಆವೇಶ × ವಿಭವಾಂತರ ÷ 2. ಉಷ್ಣಕ್ಕೂ ಆವೇಶಕ್ಕೂ ಕ್ಯೂ ಎಂದೇ ಬರೆದ ವಿದ್ಯಾರ್ಥಿ ಎರಡೂ ಕಡೆಯ ಕ್ಯೂ ಹೊಡೆದುಹಾಕಿ, ವಿಭವಾಂತರ 2 ವೋಲ್ಟ್ ಎಂದು ತೀರ್ಮಾನಿಸುತ್ತಾನೆ. ಬ್ಯಾಟರಿ ಯಾವುದಿದ್ದರೂ 2 ವೋಲ್ಟೇ! ಬೀಜಗಣಿತದಲ್ಲಿ ತಪ್ಪಿಲ್ಲ, ಜೂಲನ್ನು ಕೂಲಂನಿಂದ ಹೊಡೆದುಹಾಕಿದ್ದೇ ತಪ್ಪು. ಪ್ರತಿ ಅಕ್ಷರದ ಪಕ್ಕದಲ್ಲಿ ಏಕಮಾನ ಬರೆಸಿದರೆ ಇದು ತಕ್ಷಣ ಕಣ್ಣಿಗೆ ಬೀಳುತ್ತದೆ. ಹತ್ತನೆಯ ತರಗತಿಯ ಪುಸ್ತಕ ವಿದ್ಯುತ್ತಿನ ಪಾಠದಲ್ಲಿ ಆವೇಶಕ್ಕೆ ಕ್ಯೂ ಇಟ್ಟು, ಉಷ್ಣಕ್ಕೆ ಎಚ್ ಬಳಸಿರುವುದು ನನ್ನ ದೃಷ್ಟಿಯಲ್ಲಿ ಜಾಣತನ. ಆದರೆ ಪಿಯುಸಿಯ ಉಷ್ಣಗತಿವಿಜ್ಞಾನಕ್ಕೆ ಬಂದೊಡನೆ ಉಷ್ಣವೇ ಕ್ಯೂ ಆಗಿಬಿಡುತ್ತದೆ. ಆಗ ಅಧ್ಯಾಪಕರು ಒಂದು ಮಾತು ಹೇಳಲೇಬೇಕು.

ಕ್ಲಾಸಿಯಸ್ 1850ರಲ್ಲೇ ಉಷ್ಣಕ್ಕೆ ಕ್ಯೂ ಬಳಸಿದ್ದ. ಕ್ಯೂ ಫ್ಯಾಕ್ಟರಿನ ಕ್ಯೂ 'ಕ್ವಾಲಿಟಿ'ಯಿಂದ ಬಂದದ್ದೆಂದು ಹಲವರು ನಂಬಿದ್ದಾರೆ. ಆದರೆ ವೆಸ್ಟರ್ನ್ ಎಲೆಕ್ಟ್ರಿಕ್‌ನ ಎಂಜಿನಿಯರ್ ಕೆ. ಎಸ್. ಜಾನ್ಸನ್ 1920ರ ಸುಮಾರಿಗೆ ಅದನ್ನು ಆರಿಸಿದ್ದು ಉಳಿದ ಅಕ್ಷರಗಳು ಆಗಲೇ ಬಳಕೆಯಲ್ಲಿದ್ದುದರಿಂದ!

ಗಣಿತದ ಕ್ಯೂ, ಅಂದರೆ ಭಾಗಲಬ್ಧ ಸಂಖ್ಯೆಗಳ ಗಣ, ಭಾಗಲಬ್ಧ ಎಂಬರ್ಥದ ಪದದ ಮೊದಲಕ್ಷರ. ಜಲವಿಜ್ಞಾನಿಗೆ ಕ್ಯೂ ಎಂದರೆ ನದಿಯಲ್ಲಿ ಸೆಕೆಂಡಿಗೆ ಹರಿಯುವ ನೀರಿನ ಗಾತ್ರ. ವೈದ್ಯರ 'ಕ್ಯೂ ಜ್ವರ' ಇನ್ನೂ ವಿಚಿತ್ರ. 1937ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ಕಸಾಯಿಖಾನೆ ಕೆಲಸಗಾರರಲ್ಲಿ ಕಂಡ ಈ ಜ್ವರಕ್ಕೆ ಕಾರಣ ತಿಳಿಯದೆ, ಎಡ್ವರ್ಡ್ ಡೆರಿಕ್ ಪ್ರಶ್ನೆ ಎಂಬರ್ಥದ 'ಕ್ವೆರಿ'ಯಿಂದ ಈ ಹೆಸರಿಟ್ಟ. ಕಾರಣವಾದ ಬ್ಯಾಕ್ಟೀರಿಯ ಪತ್ತೆಯಾಗಿ ಎಷ್ಟೋ ದಶಕಗಳಾದವು. ಹೆಸರಿನಲ್ಲಿ ಪ್ರಶ್ನೆ ಇನ್ನೂ ಉಳಿದಿದೆ.