ಸರ್ವರ್ ಯಾವುದಕ್ಕೆ ಕಾಯುತ್ತಿದೆ?

"ಸರ್ವರ್ ಸ್ಲೋ ಐತ್ರಿ, ನಾಳೆ ಬರ್ರಿ." ತಿಕೋಟಾದಿಂದಲೋ ಬಬಲೇಶ್ವರದಿಂದಲೋ ಬಸ್ ಹತ್ತಿ ವಿಜಯಪುರಕ್ಕೆ ಬಂದ ರೈತನಿಗೆ ಈ ಮಾತಿನ ಬೆಲೆ ಒಂದು ದಿನದ ದುಡಿಮೆ. ಅದಕ್ಕೇ, ಸರ್ವರ್ ನೋಡಿಕೊಳ್ಳುವ ಗೆಳೆಯರೇ, ತಡ ಎಲ್ಲಾಗುತ್ತಿದೆ ಅಂತ ಹುಡುಕೋಣ.

ನಮ್ಮೂರ ಬೇಗಂ ತಲಾಬ್ ನೋಡಿ. 1651ರಲ್ಲಿ ಕಟ್ಟಿದ ಈ ಕೆರೆಯ ನೀರು ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ಹರಿಯುತ್ತಿತ್ತು. ಒತ್ತಡ ತಗ್ಗಿಸಲು ದಾರಿಯಲ್ಲಿ ಗಂಜ್ ಎಂಬ ಗೋಪುರಗಳು. ನಗರದಲ್ಲಿ ನೀರು ಸಣ್ಣಗಾದರೆ ಕೆರೆಯೊಂದನ್ನೇ ನೋಡಿದರೆ ಸಾಲದು. ಸರ್ವರ್‌ನಲ್ಲೂ ಅಪ್ಲಿಕೇಶನ್‌ಗೂ ಡಿಸ್ಕಿಗೂ ನಡುವೆ ಕ್ಯಾಶ್, ಲಾಕ್, ಜರ್ನಲ್ ಇವೆ.

ಮೊದಲು ಟಾಪ್. ಲೋಡ್ ಏರಿದೆ, ಸಿಪಿಯು ಮಾತ್ರ ಖಾಲಿ ಕೂತಿದೆ ಅಂದರೆ 'ಡಿ' ಸ್ಥಿತಿಯಲ್ಲಿ ಕಾಯುತ್ತಿರುವ ಪ್ರೊಸೆಸ್‌ಗಳನ್ನು ಹುಡುಕಿ. ಆಮೇಲೆ ಐಓಸ್ಟ್ಯಾಟ್‌ನ ಅವೇಟ್ ಕಾಲಂ. ಬಹಳಷ್ಟು ಜನ ಇಲ್ಲೇ ನಿಲ್ಲುತ್ತಾರೆ, ಅದು ತಪ್ಪು. ಅವೇಟ್ ಹೇಳುವುದು ಡಿಸ್ಕಿನ ಕಥೆ ಮಾತ್ರ. ಹಿನ್ನೆಲೆಯ ಬರವಣಿಗೆ ತಡವಾದರೆ ಬಳಕೆದಾರನಿಗೆ ಗೊತ್ತೇ ಆಗದಿರಬಹುದು. ಡಿಸ್ಕ್ ಚುರುಕಾಗಿದ್ದರೂ ಲಾಕ್‌ಗಾಗಿ ಆತ ಕಾಯುತ್ತಿರಬಹುದು.

ಲಿನಕ್ಸ್‌ನಲ್ಲಿ ಎಕ್ಸ್‌ಟ್4 ಫೈಲ್ ಸಿಸ್ಟಂ ಇದ್ದರೆ, ಬಳಕೆದಾರನ ಈ ಕಾಯುವಿಕೆ ಕಾಣಲು ಎಕ್ಸ್‌ಟ್4ಸ್ಲೋವರ್ ಎಂಬ ಉಪಕರಣ ಓಡಿಸಿ. 10 ಮಿಲಿಸೆಕೆಂಡ್ ಮೀರಿದ ಪ್ರತಿ ಓದು, ಬರಹ, ಓಪನ್, ಎಫ್‌ಸಿಂಕ್ ಪರದೆಯ ಮೇಲೆ ಬರುತ್ತದೆ, ಪ್ರೊಸೆಸ್ ಮತ್ತು ಫೈಲ್ ಹೆಸರಿನ ಸಮೇತ. 'ಎಸ್' ಅಂದರೆ ಎಫ್‌ಸಿಂಕ್. ಅದೇ ಸಾಲುಸಾಲು ಬಂದರೆ ಡೇಟಾಬೇಸ್ ಕಮಿಟ್‌ಗಳ ಕಡೆ ನೋಡಿ. ಬ್ಯಾಕಪ್ ಹೆಸರೇ ತುಂಬಿದ್ದರೆ ಅದನ್ನು ರಾತ್ರಿಗೆ ಸರಿಸಿ.

ಹೊಸ ಡಿಸ್ಕಿನ ಖರೀದಿಗೆ ಸಹಿ ಹಾಕುವ ಮೊದಲು, ದಯವಿಟ್ಟು ಪರದೆಯ ಮೇಲೆ ಬಂದ ಈ ಪಟ್ಟಿ ನೋಡಿ.